ಹುಳುಕು ಹಲ್ಲಿನ ಪಾಠಕ್ಕೆ ತೆತ್ತ ಬೆಲೆ

ಕೆಟ್ಟ ಹಲ್ಲಿಗೆ ನಮ್ಮ ಭಾಷೆಯಲ್ಲಿ ಹುಳುಕು ಹಲ್ಲು ಎಂಬ ಹೆಸರುಂಟು. ಹುಳುವೊಂದು ಹಲ್ಲಿನೊಳಗೆ ಹೊಕ್ಕು ಅದನ್ನು ಕೊರೆಯುತ್ತದೆ ಎಂಬ ಹಳೆಯ ನಂಬಿಕೆಯ ನೆರಳು ಈ ಮಾತಿನ ಮೇಲೆ ಬಿದ್ದಂತಿದೆ. ಈ ನಂಬಿಕೆ ನಮ್ಮದೊಂದೇ ಅಲ್ಲ. ಪ್ರಾಚೀನ ಬ್ಯಾಬಿಲೋನಿಯದವರಿಂದ ಹಿಡಿದು ಯೂರೋಪಿನವರವರೆಗೆ ಅನೇಕ ಜನರು ಹಲ್ಲಿನ ಹುಳುವನ್ನು ನಂಬಿದ್ದರು. ಬರ್ಲಿನ್ ನಗರದಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ದಂತವೈದ್ಯ ಡಬ್ಲ್ಯು. ಡಿ. ಮಿಲ್ಲರ್ 1890ರಲ್ಲಿ ಪ್ರಕಟಿಸಿದ ಗ್ರಂಥವು ಈ ಹುಳುವಿಗೆ ಬದಲಾಗಿ ಸೂಕ್ಷ್ಮಜೀವಿಗಳನ್ನು ತಂದು ನಿಲ್ಲಿಸಿತು. ಬಾಯಿಯಲ್ಲಿ ವಾಸಿಸುವ ಬ್ಯಾಕ್ಟೀರಿಯಗಳು ಆಹಾರದ ಸಕ್ಕರೆಯನ್ನೂ ಪಿಷ್ಟವನ್ನೂ ಹುಳಿಸುತ್ತವೆ. ಅದರಿಂದ ಹುಟ್ಟುವ ಆಮ್ಲವು ಹಲ್ಲಿನ ಹೊರಕವಚವಾದ ಎನಾಮೆಲ್ಲಿನ ಖನಿಜಾಂಶವನ್ನು ಕರಗಿಸುತ್ತದೆ. ಈ ವಾದದ ಮುಖ್ಯಾಂಶ ಇಂದಿಗೂ ನಿಂತಿದೆ.

ಆದರೆ ಮಿಲ್ಲರನ ಸಿದ್ಧಾಂತವು ಒಂದು ಪ್ರಶ್ನೆಯನ್ನು ಹಾಗೆಯೇ ಉಳಿಸಿತು. ಸಕ್ಕರೆ ಕೆಡುಕೆಂದರೆ ಎಷ್ಟು ಸಕ್ಕರೆ? ದಿನದಲ್ಲಿ ತಿಂದ ಒಟ್ಟು ತೂಕ ಮುಖ್ಯವೋ, ತಿಂದ ವೇಳೆ ಮತ್ತು ರೀತಿ ಮುಖ್ಯವೋ? ಈ ಪ್ರಶ್ನೆಗೆ ದೊರೆತ ಅತ್ಯಂತ ಸ್ಪಷ್ಟವಾದ ಉತ್ತರವನ್ನು ದಂತವೈದ್ಯಶಾಸ್ತ್ರದ ಪಠ್ಯಗ್ರಂಥಗಳು ಕೆಲವೇ ಸಾಲುಗಳಲ್ಲಿ ಹೇಳಿ ಮುಂದೆ ಸಾಗುತ್ತವೆ. ಆ ಉತ್ತರ ಯಾರ ಬಾಯಿಂದ ಬಂದಿತೆಂಬುದನ್ನೂ ಹೇಳಬೇಕೆಂಬುದು ನನ್ನ ವಾದ.

ಉತ್ತರ ಬಂದದ್ದು ಸ್ವೀಡನ್ನಿನಿಂದ. 1930ರ ದಶಕದಲ್ಲಿ ಆ ದೇಶದಲ್ಲಿ ಹುಳುಕಿಲ್ಲದ ಬಾಯಿ ಕಾಣುವುದೇ ಅಪರೂಪವಾಗಿತ್ತು. 1938ರಲ್ಲಿ ಸರ್ಕಾರವು ಸಾರ್ವಜನಿಕ ದಂತಸೇವೆಯನ್ನು ಆರಂಭಿಸಿತು. ಕೆಟ್ಟ ಹಲ್ಲುಗಳನ್ನೆಲ್ಲ ತುಂಬಿಸುತ್ತ ಕುಳಿತರೆ ಎಷ್ಟು ಮಂದಿ ವೈದ್ಯರಿದ್ದರೂ ಸಾಲದೆಂಬುದು ಬೇಗನೆ ತಿಳಿಯಿತು. ರೋಗವನ್ನು ತಡೆಯಬೇಕಾದರೆ ಕಾರಣವನ್ನು ಖಚಿತವಾಗಿ ಅರಿಯಬೇಕು. ಹೀಗೆಂದು 1945ರಲ್ಲಿ ಲುಂಡ್ ಪಟ್ಟಣದ ಬಳಿಯ ವಿಪೆಹೋಲ್ಮ್ ಎಂಬ ಆಸ್ಪತ್ರೆಯಲ್ಲಿ ಸಂಶೋಧನೆ ಪ್ರಾರಂಭವಾಯಿತು. ವಿಪೆಹೋಲ್ಮ್ ಸಾಮಾನ್ಯ ಆಸ್ಪತ್ರೆಯಲ್ಲ. ತೀವ್ರವಾದ ಬೌದ್ಧಿಕ ನ್ಯೂನತೆಯುಳ್ಳವರನ್ನು ಇರಿಸಿ ಪೋಷಿಸುತ್ತಿದ್ದ ಸಂಸ್ಥೆ. ಅಲ್ಲಿನವರು ಏನು ತಿನ್ನುತ್ತಾರೆ, ಯಾವಾಗ ತಿನ್ನುತ್ತಾರೆ ಎಂಬುದು ಸಂಪೂರ್ಣವಾಗಿ ಸಿಬ್ಬಂದಿಯ ಕೈಯಲ್ಲಿತ್ತು. ಪ್ರಯೋಗ ಮಾಡುವವನಿಗೆ ಇದಕ್ಕಿಂತ ಅನುಕೂಲವಾದ ಸ್ಥಳ ಸಿಕ್ಕಲಾರದು. ಸಂಕಟವೂ ಅಲ್ಲಿಯೇ ಇದೆ.

ಮೊದಲು ಜೀವಸತ್ವಗಳ ಪರೀಕ್ಷೆ ನಡೆಯಿತು. 1947ರಿಂದ ಸಕ್ಕರೆಯ ಸರದಿ. ವರದಿಯಲ್ಲಿ ಸೇರಿದ 436 ಮಂದಿಯನ್ನು ಹಲವು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ಊಟದ ಜೊತೆಯಲ್ಲಿಯೇ ದಿನಕ್ಕೆ 300 ಗ್ರಾಮಿನಷ್ಟು ಸಕ್ಕರೆಯನ್ನು ಪಾನೀಯದಲ್ಲಿ ಕರಗಿಸಿ ಕೊಟ್ಟರು. ಇನ್ನೊಂದಕ್ಕೆ ಸಿಹಿ ಬ್ರೆಡ್ಡು, ಮತ್ತೊಂದಕ್ಕೆ ಊಟಗಳ ನಡುವೆ ಚಾಕೊಲೇಟು, ಬೇರೊಂದಕ್ಕೆ ಕ್ಯಾರಮೆಲ್. ಉಳಿದ ಎರಡಕ್ಕೆ, ಹಲ್ಲಿಗೆ ಅಂಟಿಕೊಳ್ಳುವಂತೆಯೇ ತಯಾರಿಸಿದ ಟಾಫಿ: ಒಂದಕ್ಕೆ ದಿನಕ್ಕೆ 8, ಇನ್ನೊಂದಕ್ಕೆ 24. ಹೋಲಿಕೆಗೆಂದು ಸಾಧಾರಣ ಆಹಾರದ ಗುಂಪೊಂದು ಇದ್ದೇ ಇತ್ತು.

ಫಲಿತಾಂಶ ಯಾರೂ ಮರೆಯಲಾಗದಂಥದು. ಊಟದೊಡನೆ 300 ಗ್ರಾಮ್ ಸಕ್ಕರೆ ಕುಡಿದವರಲ್ಲಿ ಹುಳುಕು ಅಲ್ಪಸ್ವಲ್ಪ ಮಾತ್ರ ಹೆಚ್ಚಿತು. ಊಟಗಳ ನಡುವೆ ಟಾಫಿ ತಿಂದವರ ಹಲ್ಲುಗಳು ಕಂಡಕಂಡಂತೆ ಕೊಳೆತುಹೋದವು. ಟಾಫಿ ನಿಲ್ಲಿಸಿದ ಮೇಲೆ ಹೊಸ ಹುಳುಕಿನ ವೇಗ ಮತ್ತೆ ಇಳಿಯಿತು. ಕೊಳೆತ ಹಲ್ಲು ಮಾತ್ರ ಹಿಂದಿರುಗಲಿಲ್ಲ. ವರದಿ ಅಚ್ಚಾದದ್ದು 1954ರಲ್ಲಿ. ಸ್ವೀಡನ್ನಿನ ಮಕ್ಕಳು ಮಿಠಾಯಿಯನ್ನು ಶನಿವಾರ ಒಂದು ದಿನ ಮಾತ್ರ ತಿನ್ನುವ ಪದ್ಧತಿ ಈ ಸಂಶೋಧನೆಯಿಂದ ಹೊರಟ ಸಲಹೆಯ ಫಲ.

ಭೌತಶಾಸ್ತ್ರವನ್ನು ಪಾಠ ಹೇಳುವ ನನ್ನಂಥವನಿಗೆ ಈ ಪ್ರಯೋಗದ ರಚನೆಯಲ್ಲಿ ಆಕರ್ಷಣೆ ಇಲ್ಲವೆಂದು ಹೇಳಲಾರೆ. ಎರಡು ಕಾರಣಗಳು ಹೆಣೆದುಕೊಂಡಿರುವಾಗ ಒಂದನ್ನು ಸ್ಥಿರವಾಗಿರಿಸಿ ಮತ್ತೊಂದನ್ನು ಬದಲಿಸುವುದು ನಮ್ಮ ಶಾಸ್ತ್ರದ ಮೊದಲ ಪಾಠ. ಇಲ್ಲಿ ಸಕ್ಕರೆಯ ತೂಕ ಬೇರೆ, ಅದು ಬಾಯಿಗೆ ಬರುವ ಸಲಗಳು ಬೇರೆ ಎಂಬುದು ಕನ್ನಡಿಯಂತೆ ಸ್ಪಷ್ಟವಾಯಿತು. ಆದರೆ ಲೋಲಕದ ಗುಂಡು ತನ್ನನ್ನು ಏಕೆ ತೂಗಾಡಿಸುತ್ತೀರೆಂದು ಕೇಳುವುದಿಲ್ಲ. ವಿಪೆಹೋಲ್ಮಿನವರೂ ಕೇಳಲಿಲ್ಲ. ಅವರಿಗೆ ಕೇಳುವ ಶಕ್ತಿಯಿರಲಿಲ್ಲ, ಅವರ ಒಪ್ಪಿಗೆಯನ್ನು ಯಾರೂ ಪಡೆಯಲೂ ಇಲ್ಲ. ಹಲ್ಲುನೋವನ್ನು ಬಾಯಿಬಿಟ್ಟು ಹೇಳಿಕೊಳ್ಳಲಾರದವನಿಗೆ ಹಲ್ಲು ಕೆಡುವಂತೆಯೇ ತಿನ್ನಿಸುವುದೆಂದರೆ ಏನೆಂಬುದನ್ನು ಓದುಗರು ಒಂದು ಕ್ಷಣ ನಿಂತು ಯೋಚಿಸಬೇಕು.

ಕಾಲದ ಯೋಗವನ್ನು ನೋಡಿರಿ. 1947ರ ಆಗಸ್ಟಿನಲ್ಲಿ ನ್ಯೂರೆಂಬರ್ಗಿನ ನ್ಯಾಯಾಲಯವು ನಾಜಿ ವೈದ್ಯರ ಮೇಲಿನ ತೀರ್ಪಿನಲ್ಲಿ, ಪ್ರಯೋಗಕ್ಕೆ ಒಳಗಾಗುವ ಮನುಷ್ಯನ ಸ್ವಂತ ಒಪ್ಪಿಗೆ ಅತ್ಯಗತ್ಯವೆಂಬ ನಿಯಮವನ್ನು ಮೊದಲನೆಯದಾಗಿ ಬರೆಯಿತು. ಸಕ್ಕರೆಯ ಪ್ರಯೋಗ ಮೊದಲಾದದ್ದೂ ಅದೇ ವರ್ಷ. ಸ್ವೀಡನ್ನಿನ ವೈದ್ಯರನ್ನು ನಾಜಿಗಳ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ. ಅವರು ಜನಹಿತವನ್ನೇ ಬಯಸಿದವರು, ತಮ್ಮ ದೇಶದ ಮಕ್ಕಳ ಬಾಯಿಯನ್ನು ಉಳಿಸಲೆಂದು ಹೊರಟವರು. ನ್ಯೂರೆಂಬರ್ಗಿನ ಮಾತು ತಮಗೂ ಅನ್ವಯಿಸುವುದೆಂದು ಅವರಿಗೆ ತೋರಲಿಲ್ಲವೆಂಬುದೇ ನನಗೆ ಹೆಚ್ಚು ಭಯವನ್ನುಂಟುಮಾಡುತ್ತದೆ. ಕ್ರೂರಿಯನ್ನು ಗುರುತಿಸುವುದು ಸುಲಭ. ಸದುದ್ದೇಶವುಳ್ಳವನ ಕೈಯನ್ನು ಹಿಡಿಯುವವರು ಯಾರು?

ಇದಕ್ಕೆ ಪ್ರತಿಯಾಗಿ ಹೇಳುವ ಮಾತು ಒಂದುಂಟು: ಆ ಪ್ರಯೋಗವಿಲ್ಲದೆ ಈ ಜ್ಞಾನ ದೊರೆಯುತ್ತಿರಲಿಲ್ಲ, ಲಕ್ಷಾಂತರ ಮಕ್ಕಳ ಲಾಭದ ಮುಂದೆ ನಾನೂರು ಚಿಲ್ಲರೆ ಮಂದಿಯ ನಷ್ಟ ಅಲ್ಪ. ಈ ಲೆಕ್ಕದ ನ್ಯಾಯವನ್ನು ಬದಿಗಿಟ್ಟು, ಅದರ ಮೊದಲರ್ಧ ನಿಜವೇ ಎಂದು ಪರೀಕ್ಷಿಸೋಣ.

ಪ್ರಕೃತಿಯೂ ಸಮಾಜವೂ ತಾವಾಗಿಯೇ ಮಾಡಿ ತೋರಿಸುವ ಪ್ರಯೋಗಗಳುಂಟು. ಟ್ರೆಂಡ್ಲಿ ಡೀನ್ ಎಂಬ ಸಂಶೋಧಕನು ಅಮೆರಿಕದ 21 ನಗರಗಳ 7,257 ಮಕ್ಕಳ ಹಲ್ಲುಗಳನ್ನು ನೋಡಿ, ನೀರಿನಲ್ಲಿ ಹತ್ತು ಲಕ್ಷಕ್ಕೆ ಒಂದು ಭಾಗದಷ್ಟು ಫ್ಲೋರೈಡ್ ಇರುವಲ್ಲಿ ಹುಳುಕು ಕಡಿಮೆಯೆಂದು 1942ರಲ್ಲಿ ತೋರಿಸಿದನು. ಯಾರ ಬಾಯಿಗೂ ಏನನ್ನೂ ಹಾಕಲಿಲ್ಲ. ಅವರವರ ಊರ ಬಾವಿಯ ನೀರೇ ಪ್ರಯೋಗ ನಡೆಸಿತ್ತು. (ಅದೇ ಫ್ಲೋರೈಡ್ ಮಿತಿ ಮೀರಿದರೆ ಹಲ್ಲೂ ಮೂಳೆಯೂ ಕೆಡುವುದನ್ನು ನಮ್ಮ ಪಾವಗಡದ ಕಡೆಯವರಿಗೆ ಬೇರೆ ಹೇಳಬೇಕಾಗಿಲ್ಲ.) ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾರ್ವೆ, ಜಪಾನ್ ಮೊದಲಾದ ದೇಶಗಳಲ್ಲಿ ಸಕ್ಕರೆ ದುರ್ಲಭವಾದಾಗ ಮಕ್ಕಳ ಹುಳುಕು ಇಳಿದುದೂ ದಾಖಲಾಗಿದೆ.

ಆದರೂ ಸತ್ಯವನ್ನು ಮರೆಮಾಚಬಾರದು. ಯುದ್ಧದ ಪಡಿತರದಲ್ಲಿ ಸಕ್ಕರೆಯ ತೂಕವೂ ಕುಗ್ಗಿತು, ತಿನ್ನುವ ಸಲವೂ ಕುಗ್ಗಿತು. ಎರಡರಲ್ಲಿ ಯಾವುದು ಕಾರಣವೆಂದು ಅದು ಹೇಳಲಾರದು. ವಿಪೆಹೋಲ್ಮಿನ ಪರ ವಾದಿಸುವವರ ಬಲವಾದ ನೆಲೆ ಇದು.

ಆ ನೆಲೆಯನ್ನು ಅಲುಗಿಸುವ ಅಳತೆ ಮಾತ್ರ ಆಗಲೇ ಆಗಿಹೋಗಿತ್ತು. 1940ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ರಾಬರ್ಟ್ ಸ್ಟೀಫನ್ ಹಲ್ಲಿನ ಮೇಲಿನ ಪಾಚಿಯಂಥ ಪೊರೆಗೆ ಸೂಕ್ಷ್ಮವಾದ ವಿದ್ಯುದಗ್ರವನ್ನು ತಾಗಿಸಿ, ಸಕ್ಕರೆನೀರು ಮುಕ್ಕಳಿಸಿದ ಮೇಲೆ ಅಲ್ಲಿನ ಆಮ್ಲತೆ ಹೇಗೆ ಬದಲಾಗುವುದೆಂದು ಅಳೆದನು. ಕೆಲವೇ ನಿಮಿಷಗಳಲ್ಲಿ ಪಿ.ಎಚ್. ಬೆಲೆ ಧಡಕ್ಕನೆ ಕುಸಿಯುತ್ತದೆ. ಅದು 5.5ರ ಆಸುಪಾಸಿಗಿಂತ ಕೆಳಗಿಳಿದರೆ ಎನಾಮೆಲ್ ಕರಗತೊಡಗುತ್ತದೆ. ಜೊಲ್ಲು ಆಮ್ಲವನ್ನು ಮೆಲ್ಲನೆ ತೊಳೆದು ಸಮಸ್ಥಿತಿಗೆ ತರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಈಗ ಮನಸ್ಸಿನಲ್ಲಿಯೇ ಗುಣಿಸಿ ನೋಡಿರಿ. ಮೂರು ಹೊತ್ತು ಊಟದೊಡನೆ ಎಷ್ಟೇ ಸಕ್ಕರೆ ತಿಂದರೂ ಹಲ್ಲು ಆಮ್ಲದಲ್ಲಿ ನೆನೆಯುವುದು ಹೆಚ್ಚೆಂದರೆ ಮೂರು ಗಂಟೆ. ಇಪ್ಪತ್ತನಾಲ್ಕು ಟಾಫಿಗಳನ್ನು ಬಿಡಿಬಿಡಿಯಾಗಿ ತಿಂದರೆ, ಒಂದೊಂದಕ್ಕೆ ಅರ್ಧ ಗಂಟೆಯೆಂದರೂ ಹನ್ನೆರಡು ಗಂಟೆ! ಟಾಫಿ ಹಲ್ಲಿಗೆ ಅಂಟಿದ್ದರೆ ಇನ್ನೂ ಹೆಚ್ಚು. ಫಲಿತಾಂಶದ ರೂಪುರೇಷೆಯನ್ನು ಈ ಗುಣಾಕಾರವೇ ಹೇಳುತ್ತದೆ.

ಊಹೆಯನ್ನು ಬಾಯಲ್ಲಿಯೇ ಪರೀಕ್ಷಿಸಬೇಕಲ್ಲವೇ ಎಂದು ಕೇಳಬಹುದು. ಪರೀಕ್ಷಿಸಲೇಬೇಕು. ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ ಫಾನ್ ಡರ್ ಫೇರ್ ಮತ್ತು ಅವರ ಸಹೋದ್ಯೋಗಿಗಳು ಅದನ್ನು ಮಾಡಿದ ರೀತಿ ನೋಡಿರಿ. ಅವರ ವರದಿ 1970ರದು. ದಂತವೈದ್ಯ ವಿದ್ಯಾರ್ಥಿಗಳ ಸಣ್ಣ ಗುಂಪೊಂದು, ಆಗುವುದೇನೆಂದು ಬಲ್ಲವರು, 23 ದಿನ ಹಲ್ಲುಜ್ಜುವುದನ್ನು ಬಿಟ್ಟಿತು. ಅವರಲ್ಲಿ ಕೆಲವರು ದಿನಕ್ಕೆ ಒಂಬತ್ತು ಸಲ ಸಕ್ಕರೆಯ ದ್ರಾವಣದಿಂದ ಬಾಯಿ ಮುಕ್ಕಳಿಸಿದರು. ಹಲ್ಲಿನ ಮೇಲೆ ಹುಳುಕಿನ ಮೊದಲ ಗುರುತಾದ ಬಿಳಿಯ ಮಚ್ಚೆಗಳು ಮೂಡಿದವು, ಸಕ್ಕರೆಯವರಲ್ಲಿ ಹೆಚ್ಚಾಗಿ. ಕೂಡಲೇ ನಿಲ್ಲಿಸಿ, ಹಲ್ಲುಗಳನ್ನು ಚೆನ್ನಾಗಿ ಉಜ್ಜಿಸಿ, ದಿನವೂ ಫ್ಲೋರೈಡ್ ದ್ರಾವಣದಿಂದ ಮುಕ್ಕಳಿಸುವಂತೆ ಮಾಡಲಾಯಿತು. ಎರಡು ತಿಂಗಳ ಅವಧಿಯಲ್ಲಿ ಹಲ್ಲುಗಳು ಬಹುಮಟ್ಟಿಗೆ ಮೊದಲಿನ ಸ್ಥಿತಿಗೆ ಬಂದವು. ವಿಪೆಹೋಲ್ಮಿನಲ್ಲಿ ವರ್ಷಗಟ್ಟಲೆ ಹಲ್ಲು ಕೊಳೆಯಿಸಿ ಕಂಡದ್ದರ ಸಾರವನ್ನು ಇಲ್ಲಿ ಒಂದು ಹಲ್ಲೂ ತೂತಾಗದಂತೆ ಮೂರು ವಾರಗಳಲ್ಲಿ ಕಂಡರು. ಬೇರೆ ದಾರಿ ಇರಲಿಲ್ಲವೆಂಬ ಮಾತನ್ನು ನಾನು ಒಪ್ಪದಿರುವುದಕ್ಕೆ ಇದೇ ಆಧಾರ. ಹುಡುಕುವ ತಾಳ್ಮೆ ಇರಲಿಲ್ಲವೆಂದರೆ ಸರಿಹೋಗುತ್ತದೆ.

ಹಣದ ಮಾತನ್ನೂ ಆಡಿಬಿಡಬೇಕು. ವಿಪೆಹೋಲ್ಮಿನ ವೆಚ್ಚದಲ್ಲಿ ಸರ್ಕಾರದೊಡನೆ ಸಕ್ಕರೆ ಮತ್ತು ಮಿಠಾಯಿ ತಯಾರಕರ ಪಾಲೂ ಇತ್ತು. ಅಮೆರಿಕದಲ್ಲಿ 1971ರಲ್ಲಿ ಆರಂಭವಾದ ರಾಷ್ಟ್ರೀಯ ಹುಳುಕು ನಿವಾರಣಾ ಕಾರ್ಯಕ್ರಮದ ಗುರಿಗಳನ್ನು ಸಕ್ಕರೆ ಉದ್ಯಮ ಹೇಗೆ ತನ್ನ ಕಡೆ ತಿರುಗಿಸಿಕೊಂಡಿತೆಂಬುದನ್ನು ಹಳೆಯ ಕಾಗದಪತ್ರಗಳ ಆಧಾರದಿಂದ 2015ರಲ್ಲಿ ಸಂಶೋಧಕರು ಬಯಲಿಗೆ ತಂದರು. ಸಕ್ಕರೆ ಕಡಿಮೆ ಮಾಡಿರೆಂಬ ನೇರವಾದ ಮಾತನ್ನು ಬಿಟ್ಟು, ಲಸಿಕೆ, ಕಿಣ್ವಗಳತ್ತ ಗಮನ ಹರಿಯಿತು. ಆದಕಾರಣ, ಸಲ ಮುಖ್ಯವೆಂದ ಮಾತ್ರಕ್ಕೆ ತೂಕವನ್ನು ಮರೆಯಬೇಕೆಂದು ಯಾರೂ ತಿಳಿಯಕೂಡದು. ದಿನದ ಶಕ್ತಿಯ ಶೇಕಡ 10ಕ್ಕಿಂತ ಕಡಿಮೆ ಮಾತ್ರ ಸೇರಿಸಿದ ಸಕ್ಕರೆ ಮೊದಲಾದವುಗಳಿಂದ ಬರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಹುಳುಕೂ ಒಂದು.

ಇಷ್ಟೆಲ್ಲ ಹೇಳಿದ ಮೇಲೆ ವಿಪೆಹೋಲ್ಮಿನ ಫಲಿತಾಂಶವನ್ನು ಬಿಸಾಡಬೇಕೇ? ಬೇಡ. ಬಿಸಾಡಿದರೆ ಆ ಜನರು ಪಟ್ಟ ಪಾಡು ವ್ಯರ್ಥವಾದೀತೇ ಹೊರತು ಹಿಂದಕ್ಕೆ ಹೋಗದು. ಅದನ್ನು ಬಳಸುವುದರಲ್ಲಿಯೂ ನಾವು ಹಿಂದೆಯೇ ಉಳಿದಿದ್ದೇವೆ. ಹಬ್ಬದ ದಿನ ಎಲೆಯ ಮೇಲಿನ ಹೋಳಿಗೆಯನ್ನು ಕಂಡು ಹಲ್ಲಿಗೆ ಕೇಡೆಂದು ಗದರುವ ತಾಯಿತಂದೆಯರು, ಅಂಗಡಿಯವನು ಚಿಲ್ಲರೆಗೆ ಬದಲಾಗಿ ಕೊಟ್ಟ ಚಾಕೊಲೇಟನ್ನು ಮಗುವಿನ ಕೈಗೆ ಹಾಕಲು ಹಿಂಜರಿಯುವುದಿಲ್ಲ. ಊಟದೊಡನೆ ತಿಂದು, ಎದ್ದು ಬಾಯಿ ಮುಕ್ಕಳಿಸಿದ ಹೋಳಿಗೆಗಿಂತ ಕಚೇರಿಯ ಮೇಜಿನ ಮೇಲೆ ಗುಟುಕು ಗುಟುಕಾಗಿ ಕುಡಿದ ಆರು ಲೋಟ ಸಿಹಿ ಕಾಫಿಯೇ ಹಲ್ಲಿಗೆ ಹೆಚ್ಚು ಅಪಾಯಕರ.

ಸ್ವೀಡನ್ನಿನಲ್ಲಿಯೇ ಈ ಪ್ರಯೋಗದ ನೈತಿಕತೆಯ ಬಗ್ಗೆ ಚರ್ಚೆ ನಡೆದಿದೆ. 2006ರಲ್ಲಿ ಎಲಿನ್ ಬೊಮ್ಮೆನೆಲ್ ಎಂಬ ವಿದುಷಿ ಅದರ ಇತಿಹಾಸವನ್ನೇ ಪ್ರೌಢಪ್ರಬಂಧವಾಗಿ ಬರೆದಿದ್ದಾರೆ. ದಂತವೈದ್ಯ ಕಾಲೇಜುಗಳ ಪಠ್ಯಗಳನ್ನು ಸಿದ್ಧಪಡಿಸುವವರಲ್ಲಿ ನನ್ನ ಕೋರಿಕೆ ದೊಡ್ಡದೇನೂ ಅಲ್ಲ. 436 ಎಂಬ ಅಂಕಿಯ ಪಕ್ಕದಲ್ಲಿ, ಅವರು ಯಾರು, ಅವರನ್ನು ಯಾರಾದರೂ ಕೇಳಿದ್ದರೇ ಎಂಬ ಎರಡು ವಾಕ್ಯಗಳನ್ನು ಸೇರಿಸಲಿ. ಆರ್ಹುಸಿನ 23 ದಿನಗಳನ್ನು ಬೇರೆ ಅಧ್ಯಾಯಕ್ಕೆ ತಳ್ಳದೆ ಅದೇ ಪುಟದಲ್ಲಿ ಅಚ್ಚುಮಾಡಲಿ.