ಅನಿಲ ಬಾವಿಯ ಸುಧಾರಣೆ ಯಾರ ಪಾಲಿಗೆ?

ನೆಲದಡಿಯ ಬಂಡೆಯನ್ನು ನೀರಿನ ಒತ್ತಡದಿಂದ ಸೀಳಿ ಅನಿಲ ತೆಗೆಯುವ ವಿದ್ಯೆ ಅಮೆರಿಕದಲ್ಲಿ ಮುಕ್ಕಾಲು ಶತಮಾನದಿಂದ ಸುಧಾರಿಸುತ್ತ ಬಂದಿದೆ. ಈ ಸುಧಾರಣೆ ಯಾರ ಪಾಲಿಗೆ ಎಂದು ಕೇಳುವುದು ದುಡಿಯುವ ಜನರ ಹಕ್ಕು.

1947ರಲ್ಲಿ ಕ್ಯಾನ್ಸಾಸಿನ ಹ್ಯೂಗೊಟನ್ ಕ್ಷೇತ್ರದಲ್ಲಿ ಮೊದಲ ಪ್ರಯೋಗ ನಡೆದಾಗ ಬಾವಿಗೆ ನುಗ್ಗಿಸಿದ್ದು ಗಟ್ಟಿಗೊಳಿಸಿದ ಪೆಟ್ರೋಲು; ಇಳುವರಿ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. ಮುಂದೆ ಅಂಟು ಬೆರೆಸಿದ ದುಬಾರಿ ನೀರು ಬಂತು. 1990ರ ದಶಕದ ಕೊನೆಗೆ ಟೆಕ್ಸಾಸಿನ ಬಾರ್ನೆಟ್ ಪದರಗಲ್ಲಿನಲ್ಲಿ ಮಿಚೆಲ್ ಕಂಪನಿಯ ಇಂಜಿನಿಯರರು ಅಂಟನ್ನು ಬಿಟ್ಟು, ಜಾರುಗುಣದ ಮದ್ದನ್ನು ತುಸುವೇ ಬೆರೆಸಿದ ತಿಳಿನೀರನ್ನು ಹರಿಸಿದರು. ಖರ್ಚು ಇಳಿಯಿತು, ಅನಿಲ ಉಕ್ಕಿತು. ಪದರಗಲ್ಲಿನ ಸಂಶೋಧನೆಗೆ 1976ರಿಂದಲೇ ಸರ್ಕಾರದ ಬೊಕ್ಕಸ ಹಣ ತೆತ್ತಿತ್ತು. 2002ರಲ್ಲಿ ಮಿಚೆಲ್ ಕಂಪನಿ 300 ಕೋಟಿ ಡಾಲರಿಗೂ ಮೀರಿದ ಬೆಲೆಗೆ ಮಾರಾಟವಾಯಿತು.

ಸೀಳಿದ ಬಂಡೆ ಮತ್ತೆ ಮುಚ್ಚಿಕೊಳ್ಳದಂತೆ ತಡೆಯುವುದು ನೀರಿನೊಡನೆ ಹೋಗುವ ಮರಳು. ಆ ಮರಳನ್ನು ಯಂತ್ರಕ್ಕೆ ಸುರಿಯುವವನು ಕೂಲಿಕಾರ. ಅಲ್ಲಿನ ಸರ್ಕಾರಿ ಸಂಸ್ಥೆಯೊಂದು ಐದು ರಾಜ್ಯಗಳ 11 ಬಾವಿಗಳ ಬಳಿ ಗಾಳಿಯ 116 ಮಾದರಿಗಳನ್ನು ಪರೀಕ್ಷಿಸಿತು. ನೂರಕ್ಕೆ 47ರಲ್ಲಿ ಸಿಲಿಕಾ ಧೂಳು ಕಾನೂನಿನ ಮಿತಿ ಮೀರಿತ್ತು ಎಂಬುದು 2012ರಲ್ಲಿ ಪ್ರಕಟವಾಯಿತು. ಈ ಧೂಳಿನಿಂದ ಬರುವ ಸಿಲಿಕೋಸಿಸ್ ರೋಗಕ್ಕೆ ಮದ್ದಿಲ್ಲ.

ಧೂಳನ್ನು ತಡೆಯುವುದು ಅಸಾಧ್ಯವೇ? ಯಂತ್ರದ ಬಾಯಿಗೆ ಕಟ್ಟುವ ಬಟ್ಟೆಯ ಶೋಧಕ ಚೀಲವನ್ನು ಅದೇ ಸಂಸ್ಥೆ ರೂಪಿಸಿತು. ಬಂಡೆಯ ಆಳವನ್ನು ಅರಿತ ಇಂಜಿನಿಯರರಿಗೆ ಬಟ್ಟೆಯ ಚೀಲ ತಿಳಿಯದೆ ಇದ್ದೀತೆ? ಅದರಲ್ಲಿ ಲಾಭವಿರಲಿಲ್ಲ, ಅಷ್ಟೆ. 2016ರಲ್ಲಿ ಸರ್ಕಾರ ಘನ ಮೀಟರು ಗಾಳಿಗೆ 50 ಮೈಕ್ರೋಗ್ರಾಮಿನ ಮಿತಿ ವಿಧಿಸಿದಾಗ ಉದ್ಯಮಪತಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 2017ರಲ್ಲಿ ನ್ಯಾಯಾಲಯ ಅವರ ಆಕ್ಷೇಪಗಳನ್ನು ತಳ್ಳಿಹಾಕಿತು. ಆದರೂ ಧೂಳು ತಡೆಯುವ ಸಾಧನಗಳನ್ನು ಅಳವಡಿಸಲು ಈ ಉದ್ಯಮಕ್ಕೆ 2021ರವರೆಗೆ ಗಡುವು ದೊರೆಯಿತು. ಯಂತ್ರಕ್ಕೆ ತ್ವರೆ, ಕೂಲಿಕಾರನ ಉಸಿರಿಗೆ ವಾಯಿದೆ!

ಇದು ದೂರದ ಕಥೆಯಲ್ಲ. ಅಮೆರಿಕದಲ್ಲಿ ದ್ರವವಾಗಿಸಿದ ಅನಿಲವನ್ನು ಹೊತ್ತ ಹಡಗು 2018ರಲ್ಲಿ ದಾಭೋಲ್ ಬಂದರನ್ನು ಮುಟ್ಟಿತು. ದಾಭೋಲಿನಿಂದ ಬೆಂಗಳೂರಿಗೆ ಕೊಳವೆ ಮಾರ್ಗವಿದೆ. ನಮ್ಮ ವ್ಯಾಪಾರಿ ಬಂಧುಗಳು ಅನಿಲದ ದರವನ್ನು ಕೇಳುವಾಗ ಈ ಲೆಕ್ಕವನ್ನೂ ಕೇಳಲಿ. ಹತ್ತಿಯ ಧೂಳನ್ನು ಬಲ್ಲ ಗಿರಣಿ ಕಾರ್ಮಿಕರಿಗಂತೂ ನಾವು ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಿಜ್ಞಾನಕ್ಕೆ ನಾವು ವಿರೋಧಿಗಳಲ್ಲ. ಆದರೆ ಇಳುವರಿಯನ್ನು ಅಳೆಯುವ ಕೈ ಧೂಳನ್ನೂ ಅಳೆಯಬೇಕು. ಅಲ್ಲಿಯವರೆಗೆ ಅದನ್ನು ಸುಧಾರಣೆಯೆಂದು ನಾವು ಒಪ್ಪಲಾರೆವು.