ಕಂಪನಿ ಯಾವುದೆಂದು ಮೊದಲು ಹೇಳಿ

‘ನಿಮ್ಮ ಪ್ರೊಫೈಲ್ ನೋಡಿದೆ, ಒಳ್ಳೆ ಓಪನಿಂಗ್ ಇದೆ, ಸಿವಿ ಕಳಿಸಿ.’ ಬೆಂಗಳೂರಿನ ಬಿಟಿಎಂ ಲೇಔಟ್‌ನ ಪಿಜಿಗಳಲ್ಲಿ ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರಿಗೆ ನೇಮಕಾತಿ ಏಜೆನ್ಸಿಗಳ ಈ ಕರೆ ಹೊಸದಲ್ಲ. ಯಾವ ಕಂಪನಿ ಎಂದು ಕೇಳಿದರೆ, ‘ದೊಡ್ಡ ಎಂಎನ್‌ಸಿ, ಹೆಸರು ಆಮೇಲೆ ಹೇಳ್ತೀವಿ’ ಎಂಬ ಉತ್ತರ. ಸಿವಿ ಹೋಗುತ್ತದೆ. ಎಲ್ಲಿಗೆ ಹೋಯಿತು, ಎಷ್ಟು ಕಡೆ ಹೋಯಿತು ಎಂಬುದು ಕಳಿಸಿದವರಿಗೆ ತಿಳಿಯುವುದೇ ಇಲ್ಲ.

ಇದರಿಂದ ನಷ್ಟವೇನು ಎನ್ನುವವರಿದ್ದಾರೆ. ನಷ್ಟ ಇದೆ. ಎಷ್ಟೋ ಕಂಪನಿಗಳ ನೇಮಕಾತಿ ತಂತ್ರಾಂಶದಲ್ಲಿ ಒಬ್ಬರ ಸಿವಿಯನ್ನು ಮೊದಲು ಕಳಿಸಿದ ಏಜೆನ್ಸಿಯ ಹೆಸರೇ ದಾಖಲಾಗುತ್ತದೆ, ಅದರ ಹಕ್ಕು ತಿಂಗಳುಗಟ್ಟಲೆ ಉಳಿಯುತ್ತದೆ. ಆಮೇಲೆ ಅದೇ ಕಂಪನಿಯಲ್ಲಿರುವ ಗೆಳತಿ ರೆಫರ್ ಮಾಡಲು ಹೋದರೆ ‘ಡೂಪ್ಲಿಕೇಟ್’ ಎಂದು ಬಾಗಿಲು ಮುಚ್ಚುತ್ತದೆ. ಇಬ್ಬರು ಕನ್ಸಲ್ಟೆಂಟ್‌ಗಳು ಒಬ್ಬಳದೇ ಸಿವಿ ಕಳಿಸಿದರೆ ಜಗಳ ಯಾಕೆಂದು ಎಚ್‌ಆರ್‌ನವರು ಅವಳನ್ನೇ ಕೈಬಿಡುವುದೂ ಉಂಟು. ಇನ್ನೂ ಕೆಟ್ಟದ್ದೆಂದರೆ, ಸಿವಿ ತಿರುಗಿ ತಿರುಗಿ ಈಗ ಕೆಲಸ ಮಾಡುತ್ತಿರುವ ಕಂಪನಿಯ ಮೇಜಿಗೇ ಬಂದು ಬೀಳುವುದು. ಬನಶಂಕರಿಯಲ್ಲಿ ಮನೆ ಸಾಲದ ಕಂತು ಕಟ್ಟುತ್ತಿರುವವರಿಗೆ ಇದು ಎಂಥ ಆತಂಕ ಎಂದು ಯೋಚಿಸಿ. ಮನೆ ವಿಳಾಸ, ಹುಟ್ಟಿದ ದಿನ, ಮೊಬೈಲ್ ನಂಬರ್ ಇರುವ ಹಾಳೆಯೊಂದು ಗುರುತಿಲ್ಲದವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುವುದು ಒಂಟಿಯಾಗಿರುವ ಹೆಣ್ಣುಮಗಳಿಗೆ ಬರೀ ಕಿರಿಕಿರಿಯಲ್ಲ, ಭಯ.

ಈ ಅವಸರದ ಹಿಂದಿರುವುದು ದುಡ್ಡಿನ ಲೆಕ್ಕ. ಅಭ್ಯರ್ಥಿ ಕೆಲಸಕ್ಕೆ ಸೇರಿದರೆ ವರ್ಷದ ಸಂಬಳದ ಶೇ 8.33, ಅಂದರೆ ಒಂದು ತಿಂಗಳ ಸಂಬಳ, ಏಜೆನ್ಸಿಗೆ ಕೊಡುವುದು ಇಲ್ಲಿ ರೂಢಿಯ ದರ. ಮೊದಲು ಕಳಿಸಿದವರಿಗೇ ಆ ದುಡ್ಡು. ಒಪ್ಪಿಗೆ ಕೇಳುತ್ತ ಕೂತರೆ ಇನ್ನೊಬ್ಬರು ಮುಂದಾಗುತ್ತಾರೆ. ಹೆಸರು ಹೇಳಿದರೆ ಅಭ್ಯರ್ಥಿಯೇ ನೇರವಾಗಿ ಅರ್ಜಿ ಹಾಕಿಬಿಡಬಹುದು. ಈ ಅಂಜಿಕೆ ಸುಳ್ಳಲ್ಲ. ಆದರೆ ಅದನ್ನು ಕಂಪನಿ ಮತ್ತು ಏಜೆನ್ಸಿ ತಮ್ಮ ಕರಾರಿನಲ್ಲಿ ಬಗೆಹರಿಸಿಕೊಳ್ಳಬೇಕು. ಕೆಲಸ ಕೇಳಿ ಬಂದವರ ತಲೆಗೆ ಕಟ್ಟುವುದು ಅನ್ಯಾಯ. ಜೆಪಿ ನಗರದ ಯಾವುದೋ ಮೊದಲ ಮಹಡಿಯಲ್ಲಿ ಕೂತು ದಿನಕ್ಕಿಷ್ಟು ಸಿವಿ ಎಂಬ ಟಾರ್ಗೆಟ್‌ಗೆ ದುಡಿಯುವ ಹುಡುಗಿಯನ್ನು ನಾನು ದೂರುತ್ತಿಲ್ಲ. ಟಾರ್ಗೆಟ್ ಹಾಕಿದವರನ್ನು ಕೇಳುತ್ತಿದ್ದೇನೆ.

‘ನೀವೇ ಕಳಿಸಿದಿರಲ್ಲ’ ಎಂಬುದು ಅವರ ಸಿದ್ಧ ಉತ್ತರ. ಕಳಿಸಿದ್ದು ಒಂದು ಕೆಲಸಕ್ಕೆ, ಎಲ್ಲರಿಗೂ ಹಂಚಲು ಅಲ್ಲ. ಕಾನೂನೂ ಇದನ್ನೇ ಹೇಳುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ ಪ್ರಕರಣಕ್ಕೆ ಹೆಸರು ಕೊಟ್ಟವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನ ಬೆನ್ನಿಗೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆಯನ್ನು ಇಂಥದ್ದೇ ಉದ್ದೇಶಕ್ಕೆಂದು ತಿಳಿಸಿ ಪಡೆಯಬೇಕು. ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯುವಂತಿರಬೇಕು. ಒಪ್ಪಿಗೆ ಕೊಟ್ಟವರಿಗೆ ತಮ್ಮ ವಿವರ ಯಾರ್‍ಯಾರಿಗೆ ಹೋಗಿದೆ ಎಂದು ಹೆಸರು ಸಮೇತ ಕೇಳುವ ಹಕ್ಕೂ ಅದರಲ್ಲಿದೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಮುಖ್ಯ ಕಲಂಗಳು ಜಾರಿಗೆ ಬರಲು ಹದಿನೆಂಟು ತಿಂಗಳ ಗಡುವು. ಅಂದರೆ 2027ರ ಮೇ.

ಅಲ್ಲಿಯವರೆಗೆ ಕಾಯಬೇಕಾದ ಅಗತ್ಯ ಕಂಪನಿಗಳಿಗಿಲ್ಲ. ‘ಈ ಕಂಪನಿಯ ಈ ಕೆಲಸಕ್ಕೆ ನನ್ನ ಸಿವಿ ಕಳಿಸಬಹುದು’ ಎಂದು ಅಭ್ಯರ್ಥಿ ಬರೆದ ಒಂದು ಸಾಲಿನ ಮೇಲ್ ಜೊತೆಗಿಲ್ಲದಿದ್ದರೆ ಆ ಸಿವಿಯನ್ನು ತೆರೆಯುವುದಿಲ್ಲ, ಅದಕ್ಕೆ ಶುಲ್ಕವನ್ನೂ ಕೊಡುವುದಿಲ್ಲ ಎಂದು ದೊಡ್ಡ ಕಂಪನಿಗಳು ನಾಳೆಯೇ ಕರಾರಿಗೆ ಸೇರಿಸಬಹುದು. ದುಡ್ಡು ನಿಂತರೆ ಈ ಚಾಳಿಯೂ ನಿಲ್ಲುತ್ತದೆ. ಅಷ್ಟರಲ್ಲಿ ಕೆಲಸ ಹುಡುಕುವವರು ಕಂಪನಿಯ ಹೆಸರು ಬರವಣಿಗೆಯಲ್ಲಿ ಬರುವ ತನಕ ಸಿವಿ ಕಳಿಸಬೇಡಿ. ಆಧಾರ್, ಪ್ಯಾನ್ ಪ್ರತಿ, ಸಂಬಳದ ಚೀಟಿಗಳನ್ನಂತೂ ಆಫರ್ ಬರುವ ಹಂತದ ಮೊದಲು ಯಾವ ಏಜೆನ್ಸಿಗೂ ಕೊಡಬೇಡಿ.