ಬೂಟ್ ಆಗಲಿಲ್ಲ ಅಂದ್ರೆ ಫಾರ್ಮ್ಯಾಟೇ ಮದ್ದಾ?

ಮೊನ್ನೆ ಭಾನುವಾರ ಬೆಳಿಗ್ಗೆ ಹೊಳಲ್ಕೆರೆಯಿಂದ ಅಕ್ಕನ ಫೋನು. "ಅಜ್ಜಿ ಪದ ಎಲ್ಲಾ ಹೋಯ್ತು ಕಣೋ..." ಅಂದವಳೇ ಅಳೋಕೆ ಶುರು ಮಾಡಿದಳು.

ವಿಷಯ ಇಷ್ಟು. ಅಕ್ಕನ ಮನೆ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಉಬುಂಟು ಎರಡೂ ಇವೆ. ಹಾಗೆ ಮಾಡಿಕೊಟ್ಟವನು ನಾನೇ. ಭಾವನ ಅಡಿಕೆ ಲೆಕ್ಕ ವಿಂಡೋಸಿನಲ್ಲಿ. ಅಕ್ಕನ ಬರಹ, ತೀರಿಕೊಂಡ ನಮ್ಮಜ್ಜಿ ಹಾಡಿದ ಸೋಬಾನೆ ಪದಗಳ ರೆಕಾರ್ಡಿಂಗು ಉಬುಂಟುವಿನಲ್ಲಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತಲ್ಲ, ಅದಕ್ಕೆ ಭಾವ ಒಂದು ಅಂಗಡಿಗೆ ಕೊಟ್ಟು ವಿಂಡೋಸ್ 11 ಹೊಸದಾಗಿ ಹಾಕಿಸಿದ್ದಾರೆ. ಮನೆಗೆ ತಂದು ಆನ್ ಮಾಡಿದರೆ ಸೀದಾ ವಿಂಡೋಸ್! ಯಾವುದು ಬೇಕು ಅಂತ ಕೇಳುತ್ತಿದ್ದ ಗ್ರಬ್ ಮೆನುವೇ ಇಲ್ಲ. ಅಂಗಡಿಯಲ್ಲಿ ಕೇಳಿದರೆ, "ಲಿನಕ್ಸ್ ಹೋಯ್ತು ಸಾರ್, ಬಿಟ್ಟು ಹೋಗಿ, ಫುಲ್ ಫಾರ್ಮ್ಯಾಟ್ ಮಾಡಿಬಿಡ್ತೀನಿ" ಅಂದರಂತೆ. ಪುಣ್ಯಕ್ಕೆ ಭಾವ ಬಿಟ್ಟು ಬರಲಿಲ್ಲ.

"ಯಾರೂ ಮುಟ್ಟಬೇಡಿ, ಬಂದೆ" ಅಂತ ಜೇಬಿನಲ್ಲಿ ಪೆನ್‌ಡ್ರೈವ್ ಇಟ್ಟುಕೊಂಡು ದುರ್ಗದಿಂದ ಬಸ್ ಹತ್ತಿದೆ.

ಪೆನ್‌ಡ್ರೈವ್ ಬೇಕಾಗಲೇ ಇಲ್ಲ. ಆನ್ ಮಾಡುವಾಗ ಎಫ್12 ಒತ್ತಿದೆ (ಕಂಪನಿಗೊಂದು ಕೀ, ಕೆಲವಕ್ಕೆ ಎಫ್9 ಅಥವಾ ಎಸ್ಕೇಪ್). ವಿಂಡೋಸ್ ಬೂಟ್ ಮ್ಯಾನೇಜರ್ ಮೇಲಿತ್ತು, ಅದರ ಕೆಳಗೇ ಉಬುಂಟು ಬೆಚ್ಚಗೆ ಕೂತಿತ್ತು :) ಆರಿಸಿದೆ, ಬಂತು. ಬಯಾಸ್ ಸೆಟಪ್ಪಿನಲ್ಲಿ ಅದನ್ನೇ ಮೊದಲು ಮಾಡಿದೆ. ಎಲ್ಲಾ ಸೇರಿ ಹತ್ತು ನಿಮಿಷ. ಅಜ್ಜಿಯ ದನಿ ಕೇಳಿದ ಮೇಲೇ ಅಕ್ಕ ಕಾಫಿಗೆ ಎದ್ದಿದ್ದು.

ಆಗಿದ್ದೇನು? ಹಳೇ ಕಾಲದ ಬಯಾಸ್‌ನಲ್ಲಿ ಡಿಸ್ಕಿನ ಮೊದಲ 512 ಬೈಟಿನ ಎಂಬಿಆರ್ ಒಂದೇ ಬಾಗಿಲು. ವಿಂಡೋಸ್ ಹಾಕಿದರೆ ಅಲ್ಲಿದ್ದ ಗ್ರಬ್ ಅಳಿಸಿ ತನ್ನದನ್ನು ಬರೆಯುತ್ತಿತ್ತು. ಈಗಿನ ಯುಇಎಫ್‌ಐನಲ್ಲಿ ಇಬ್ಬರ ಬೂಟ್ ಫೈಲೂ ಒಂದೇ ಇಎಫ್‌ಐ ಪಾರ್ಟಿಷನ್ನಿನ ಬೇರೆ ಬೇರೆ ಫೋಲ್ಡರಿನಲ್ಲಿರುತ್ತವೆ. ವಿಂಡೋಸ್ ತನ್ನ ಹೆಸರನ್ನು ಸಾಲಿನ ಮುಂದಕ್ಕೆ ತಂದುಕೊಳ್ಳುತ್ತದೆ, ಅಷ್ಟೇ. ಲಿನಕ್ಸಿನ ಪಾರ್ಟಿಷನ್ ಡಿಲೀಟ್ ಮಾಡಿರದಿದ್ದರೆ ಒಳಗಿನದು ಒಳಗೇ ಇರುತ್ತದೆ. ನಮ್ಮ ದುರ್ಗದ ಕೋಟೆ ಬಾಗಿಲಲ್ಲಿ ಕಾವಲುಗಾರ ಬದಲಾದ ಅಂತ ಕೋಟೆಯನ್ನೇ ಕೆಡವುತ್ತೀವಾ?

ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಗ್ರಬ್ ಮತ್ತೆ ಹಾಕಿದರಾಯಿತು. ಆಮೇಲೆ ಗ್ರಬ್ ಮೆನುವಿನಲ್ಲಿ ವಿಂಡೋಸ್ ಕಾಣದಿದ್ದರೂ ಗಾಬರಿ ಬೇಡ. 2021ರ ಗ್ರಬ್ 2.06ರಿಂದ ಬೇರೆ ಓಎಸ್ ಹುಡುಕುವ ಓಎಸ್-ಪ್ರೋಬರ್ ತಾನಾಗಿ ಓಡುವುದಿಲ್ಲ, ಸೆಟ್ಟಿಂಗಿನಲ್ಲಿ ಆನ್ ಮಾಡಬೇಕು. 2024ರ ಆಗಸ್ಟಿನಲ್ಲಂತೂ ವಿಂಡೋಸಿನ ಒಂದು ಸೆಕ್ಯುರಿಟಿ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಎಷ್ಟೋ ಡ್ಯುಯಲ್ ಬೂಟ್ ಕಂಪ್ಯೂಟರುಗಳಲ್ಲಿ ಲಿನಕ್ಸ್ ಏಳಲಿಲ್ಲ. ಅದಕ್ಕೂ ಮದ್ದು ಫಾರ್ಮ್ಯಾಟ್ ಆಗಿರಲಿಲ್ಲ.

ಅಂಗಡಿ ಹುಡುಗರನ್ನಷ್ಟೇ ಬೈಯೋದು ನನಗೆ ಸರಿ ಕಾಣಲ್ಲ. ಅವರ ಮುಂದೆ ದಿನಕ್ಕೆ ಹತ್ತು ಮಷೀನು, ಫಾರ್ಮ್ಯಾಟಿಗೆ ರೇಟಿದೆ, ಹುಡುಕಿ ನೋಡೋದಕ್ಕೆ ರೇಟಿಲ್ಲ. ಹಿರಿಯೂರು, ಹೊಸದುರ್ಗದ ಗೆಳೆಯರೂ ಇದೇ ಕಥೆ ಹೇಳ್ತಾರೆ. ಆದರೂ "ಒಳಗೆ ಏನಾದ್ರೂ ಇದೆಯಾ?" ಅಂತ ಒಂದು ಮಾತು ಕೇಳಲೇಬೇಕು. ಕೇಳದೆ ಫಾರ್ಮ್ಯಾಟ್ ಮಾಡೋದು ರಿಪೇರಿ ಅಲ್ಲ. ಹಾಗೇ ನೋಡಿಕೊಡೋದಕ್ಕೆ ನೂರಿನ್ನೂರು ರೂಪಾಯಿ ಕೇಳಿದರೆ ನಾವೂ ಗೊಣಗದೆ ಕೊಡಬೇಕು.

ತಪ್ಪು ನನ್ನದೂ ಇದೆ. ಎರಡು ಓಎಸ್ ಹಾಕಿಕೊಟ್ಟವನು ಲ್ಯಾಪ್‌ಟಾಪಿನ ಕೆಳಗೆ "ಇದರಲ್ಲಿ ಲಿನಕ್ಸ್ ಇದೆ, ಪಾರ್ಟಿಷನ್ ಮುಟ್ಟಬೇಡಿ" ಅಂತ ಒಂದು ಚೀಟಿ ಅಂಟಿಸಲಿಲ್ಲ. ಎರಡನೇ ಕಾಪಿ ತೆಗೆದಿಡಲಿಲ್ಲ. ಈಗ ಚೀಟಿ ಅಂಟಿಸಿದ್ದೇನೆ, ತಂದಿದ್ದ ಪೆನ್‌ಡ್ರೈವಿಗೆ ಅಜ್ಜಿ ಪದ ತುಂಬಿಕೊಂಡು ಬಂದಿದ್ದೇನೆ. ಬಿಟ್‌ಲಾಕರ್ ಆನ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀಯನ್ನೂ ಬರೆದಿಡಿ, ಬೂಟ್ ಸೆಟ್ಟಿಂಗ್ ಬದಲಿಸಿದಾಗ ಕೇಳಬಹುದು.

ನಿಮ್ಮ ಮನೆಯ ಲ್ಯಾಪ್‌ಟಾಪಿಗೆ ಚೀಟಿ ಇದೆಯಾ?